ಹತ್ತಕ್ಕೆ ಹನ್ನೊಂದು

ಓಬಿಹಿರೊ, ಹೊಕ್ಕೈಡೊ, ಜಪಾನ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ಹಿಮ ಮೊಣಕಾಲಿನವರೆಗೆ ಬಿದ್ದಿದೆ. ಬೆಳಗಿನ ಐದಕ್ಕೆ ಕೊಟ್ಟಿಗೆಯೊಳಗೆ ಕಾಲಿಟ್ಟ ಮೇಲೆಯೇ ದನಗಳ ಉಸಿರಿಗೆ ಮೈ ಬೆಚ್ಚಗಾಗುವುದು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬದ ತಳ ಕಾಣುತ್ತಿದೆ, ಅವಳಿಗೆ ತಿಳಿಸಿ.

ಮೊನ್ನೆ ಫೋನು ಮಾಡಿದಾಗ ನೀವು ಚಂದುವನ್ನು ಗದರಿಸುತ್ತಿದ್ದುದು ಕೇಳಿಸಿತು. ಮೀಸೆ ಬಂದ ಹುಡುಗ ಗೊಂಬೆ ಚಿತ್ರ ನೋಡುತ್ತಾ ಕೂರುತ್ತಾನೆ ಎಂದಿರಿ. ಪರೀಕ್ಷೆ ಹತ್ತಿರವಿರುವಾಗ ನಡುರಾತ್ರಿಯವರೆಗೆ ಮೊಬೈಲ್ ಹಿಡಿದದ್ದು ತಪ್ಪೇ, ಅದರಲ್ಲಿ ನಾನು ನಿಮ್ಮ ಕಡೆ. ಆದರೆ ಅವನು ನೋಡುತ್ತಿರುವ ಜಪಾನಿ ಸರಣಿ 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್'ನ 64 ಕಂತುಗಳನ್ನೂ ಕಳೆದ ಚಳಿಗಾಲದಲ್ಲಿ ನಾನೂ ನೋಡಿ ಮುಗಿಸಿದ್ದೇನೆ. ಇದನ್ನು ಫೋನಿನಲ್ಲಿ ಹೇಳಿದರೆ ನೀವು "ಹೂಂ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಕಥೆ ಬರೆದ ಹಿರೊಮು ಅರಕಾವಾ ನಾನಿರುವ ಈ ತೊಕಾಚಿ ಸೀಮೆಯವರೇ, ಹೈನುಗಾರರ ಮನೆಯ ಮಗಳು. ಕೃಷಿ ಶಾಲೆ ಮುಗಿಸಿ ಏಳು ವರ್ಷ ಮನೆಯ ಹಸುಗಳ ಜೊತೆ ದುಡಿದು, ಆಮೇಲೆ ಟೋಕಿಯೊ ಸೇರಿದರು. ತಮ್ಮ ಚಿತ್ರವನ್ನು ತಾವೇ ಬರೆದುಕೊಳ್ಳಬೇಕಾದಾಗ ಕನ್ನಡಕ ಹಾಕಿದ ಹಸುವೊಂದನ್ನು ಬರೆಯುತ್ತಾರೆ! ಕಥೆ ಮೊದಲು 2001ರಿಂದ 2010ರವರೆಗೆ ಹುಡುಗರ ಮಾಸಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಬಂತು. ಹುಡುಗರಿಗೆಂದು ಬರೆದ ಇಂಥವನ್ನು ಇಲ್ಲಿ ಶೋನೆನ್ ಎನ್ನುತ್ತಾರೆ.

ತಾಯಿ ಸತ್ತ ಇಬ್ಬರು ಹುಡುಗರು ರಸವಿದ್ಯೆಯಿಂದ, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿಸುವ ವಿದ್ಯೆಯಿಂದ, ಅವಳನ್ನು ಮತ್ತೆ ಬದುಕಿಸಲು ಹೊರಡುತ್ತಾರೆ. ಆ ವಿದ್ಯೆಗೆ ಒಂದೇ ಕಟ್ಟಳೆ: ಏನನ್ನು ಪಡೆಯಬೇಕಾದರೂ ಅಷ್ಟೇ ತೂಕದ್ದನ್ನು ಕೊಡಬೇಕು. ತಾಯಿ ಬರುವುದಿಲ್ಲ. ಅಣ್ಣ ಎಡ್ವರ್ಡ್‌ನ ಒಂದು ಕಾಲು ಹೋಗುತ್ತದೆ, ತಮ್ಮ ಆಲ್ಫೋನ್ಸ್‌ನ ಇಡೀ ದೇಹವೇ ಹೋಗುತ್ತದೆ. ಅಣ್ಣ ತನ್ನ ತೋಳನ್ನೂ ತೆತ್ತು ತಮ್ಮನ ಜೀವವನ್ನು ಒಂದು ಉಕ್ಕಿನ ಕವಚಕ್ಕೆ ಕಟ್ಟಿಹಾಕುತ್ತಾನೆ. ನಮ್ಮ ಪುರಾಣಗಳಲ್ಲಾದರೆ ಇಷ್ಟು ಹೊತ್ತಿಗೆ ಯಾವುದಾದರೂ ದೇವರು ಪ್ರತ್ಯಕ್ಷನಾಗಿ ವರ ಕೊಡುತ್ತಿದ್ದ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಚಂದುವಿನಿಂದಲ್ಲ, ಅಮ್ಮನಿಂದ ಓದಿಸಿಕೊಳ್ಳಿ. ಚಂದು ಇನ್ನೂ 30ನೆಯ ಕಂತಿನಲ್ಲಿದ್ದಾನೆ, ಗುಟ್ಟು ಒಡೆದರೆ ನನ್ನ ಜೊತೆ ಮಾತು ಬಿಡುತ್ತಾನೆ.

ಹತ್ತನೆಯ ಕಂತಿನಲ್ಲಿ ಹ್ಯೂಸ್ ಎಂಬ ಅಧಿಕಾರಿ ದೇಶದ ಭೂಪಟ ಬಿಡಿಸಿಕೊಂಡು ನೋಡುತ್ತಾ ಬೆಚ್ಚಿಬೀಳುತ್ತಾನೆ. ಗೆಳೆಯನಿಗೆ ಹೇಳಬೇಕೆಂದು ರಸ್ತೆಯ ಟೆಲಿಫೋನ್ ಬೂತಿಗೆ ಓಡುತ್ತಾನೆ, ಅಲ್ಲೇ ಕೊಲೆಯಾಗುತ್ತಾನೆ. ಅವನು ಕಂಡದ್ದೇನು? ಇಪ್ಪತ್ತಕ್ಕೂ ಹೆಚ್ಚು ಕಂತು ಕಾಯಬೇಕು. ಆ ದೇಶ ದುಂಡಗಿದೆ. ಗಡಿಯ ದಂಗೆ, ಯುದ್ಧ, ರಕ್ತಪಾತ ನಡೆದ ಊರುಗಳನ್ನೆಲ್ಲ ಗೆರೆ ಎಳೆದು ಸೇರಿಸಿದರೆ ರಸವಿದ್ಯೆ ನಡೆಸಲು ಬರೆಯುವ ಮಂಡಲವೇ ಮೂಡುತ್ತದೆ. ದೇಶ ಕಟ್ಟಿದ್ದೇ ಅದಕ್ಕಾಗಿ, ಕೋಟ್ಯಂತರ ಜನರನ್ನು ಒಂದೇ ಏಟಿಗೆ ಬಲಿ ಕೊಡಲು! ಭೂಪಟ ಮೊದಲಿನಿಂದಲೂ ನಮ್ಮ ಕಣ್ಣೆದುರೇ ಇತ್ತು. ಅದನ್ನು ತಿಳಿದ ರಾತ್ರಿ ಹಿಂದಿನ ಕಂತುಗಳನ್ನು ತೆಗೆದು ಹುಡುಕಿದೆ. ಎಲ್ಲಿಯೂ ಮೋಸವಿಲ್ಲ, ನಾನೇ ನೋಡಿರಲಿಲ್ಲ.

ಹೆಣಿಗೆ ಎಷ್ಟು ಜಾಣವಾಗಿದ್ದರೂ ನನ್ನನ್ನು ಕಾಡಿದ್ದು ಬೇರೆ. ಇಷ್ವಾಲ್ ಎಂಬ ಸೀಮೆಯ ಜನರನ್ನು ಸೇನೆ ಸಾಮೂಹಿಕವಾಗಿ ಕೊಂದಿದೆ. ನಾವು ಮೆಚ್ಚಿಕೊಂಡ ಕರ್ನಲ್ ಮಸ್ಟಾಂಗ್ ಕೂಡ ಹಾಗೆ ಕೊಂದವನೇ. ಈಗ ಅವನಿಗೆ ಆಡಳಿತವನ್ನು ಬದಲಿಸಬೇಕೆಂಬ ಆಸೆ. ಬದಲಾದ ದಿನ ಯುದ್ಧಾಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಬೇಕಾದವನು ತಾನೇ ಎಂಬುದೂ ಗೊತ್ತು. ಕುರುಕ್ಷೇತ್ರ ಗೆದ್ದ ಧರ್ಮರಾಯ ಸಿಂಹಾಸನವೇ ಬೇಡವೆಂದು ಕೊರಗಿದ್ದನ್ನು ನೀವು ಹೇಳುತ್ತಿದ್ದ ರಾತ್ರಿಗಳು ನೆನಪಾದವು.

ಅದೇ ಇಷ್ವಾಲ್‌ನಲ್ಲಿ ಎರಡೂ ಕಡೆಯವರಿಗೆ ಮದ್ದು ಮಾಡುತ್ತಿದ್ದ ವೈದ್ಯ ದಂಪತಿಯನ್ನು, ಅವರು ಬದುಕಿಸಿದ ಗಾಯಾಳುವೇ ನೋವಿನ ಹುಚ್ಚಿನಲ್ಲಿ ಕೊಂದುಬಿಡುತ್ತಾನೆ. ಅವರ ಮಗಳು ವಿನ್ರಿ ಒಂದು ದಿನ ಅವನ ಎದುರು ಪಿಸ್ತೂಲು ಹಿಡಿದು ನಿಲ್ಲುತ್ತಾಳೆ, ಗುಂಡು ಹಾರಿಸಲಾರಳು. ಎಷ್ಟೋ ಕಂತುಗಳ ನಂತರ ಅವನ ತೋಳಿನ ಗಾಯಕ್ಕೆ ತಾನೇ ಪಟ್ಟಿ ಕಟ್ಟುತ್ತಾಳೆ. ಹಾಗಾದರೆ ಕ್ಷಮಿಸಿದೆಯಾ ಎಂದು ಅವನು ಕೇಳಿದರೆ, ಇಲ್ಲ ಎನ್ನುತ್ತಾಳೆ. ಅಪ್ಪ ಅಮ್ಮ ಇದ್ದಿದ್ದರೆ ಕಟ್ಟುತ್ತಿದ್ದರು, ಅದಕ್ಕೇ ಕಟ್ಟಿದ್ದು. ಕ್ಷಮಿಸಿ ಅಪ್ಪಿಕೊಂಡಿದ್ದರೆ ನಾನು ಮರುದಿನವೇ ಮರೆಯುತ್ತಿದ್ದೆ.

ಎಲ್ಲವೂ ಚೆನ್ನಾಗಿದೆ ಎನ್ನುತ್ತಿಲ್ಲ. ಎಡ್ವರ್ಡ್‌ನನ್ನು ಕುಳ್ಳ ಎಂದರೆ ಸಾಕು ಕೂಗಾಡುತ್ತಾನೆ. ಆ ಒಂದೇ ಹಾಸ್ಯವನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ. ಸಾವಿನ ಮನೆಯ ಪಕ್ಕದಲ್ಲೇ ಇಂಥ ಚೇಷ್ಟೆ ಬಂದಾಗ ನನಗೆ ಸಿಟ್ಟೇ ಬಂತು. ಚಂದುವಿಗೆ ಬಹುಶಃ ಅದೇ ಇಷ್ಟ.

ಕೊನೆಯಲ್ಲಿ ಆಲ್ಫೋನ್ಸ್ ಆ ಹಳೆಯ ಕಟ್ಟಳೆಯನ್ನೇ ತಿದ್ದುತ್ತಾನೆ. ಹತ್ತು ಪಡೆದರೆ ಅದಕ್ಕೆ ತನ್ನದೊಂದು ಸೇರಿಸಿ ಹನ್ನೊಂದು ಮಾಡಿ ಮುಂದಿನವರಿಗೆ ಕೊಡುವುದಂತೆ. ಜಪಾನಿಯಲ್ಲಿ ಅದಕ್ಕೆ ಏನು ಹೆಸರಿದೆಯೋ, ನನಗೆ ಮಾತ್ರ ನೀವು ಪಕ್ಕದ ಮನೆಯ ಅಜ್ಜಿಗೆ ಅರ್ಧ ಲೀಟರ್ ಹಾಲು ಅಳೆದ ಮೇಲೆ ಚೊಂಬಿನಿಂದ ಇನ್ನೊಂದು ಧಾರೆ ಕೊಸರು ಸುರಿಯುತ್ತಿದ್ದುದು ಕಣ್ಣಿಗೆ ಕಟ್ಟಿತು. ದುಡ್ಡಿಲ್ಲದ ಆ ಹಾಲಿಗೆ ಅಮ್ಮ ಗೊಣಗುತ್ತಿದ್ದುದೂ ಸಹ.

ಪರೀಕ್ಷೆ ಮುಗಿಯುವವರೆಗೆ ಚಂದುವಿಗೆ ಭಾನುವಾರ ಮಾತ್ರ, ಎರಡೇ ಕಂತು ಎಂದು ಕರಾರು ಮಾಡಿ. 35ನೆಯ ಕಂತು ಬಂದ ದಿನ ನೀವೂ ಅವನ ಪಕ್ಕ ಕುಳಿತುಕೊಳ್ಳಿ. ಭೂಪಟ ಬಂದಾಗ ಅವನ ಮುಖ ನೋಡಿ ನನಗೆ ಬರೆಯಿರಿ. ಗಬ್ಬದ ಹಸು ಕರು ಹಾಕಿತೇ? ಹೆಣ್ಣೋ ಗಂಡೋ?

ಇಂತಿ ನಿಮ್ಮ ಮಗಳು