ವಾಚಿಗೂ ಆಯುಧಪೂಜೆ: ಮಗಳಿಗೊಂದು ಪತ್ರ

ಮೈಸೂರು
8 ಅಕ್ಟೋಬರ್ 2025

ಪ್ರೀತಿಯ ಪುಟ್ಟಿ,

ಆಯುಧಪೂಜೆಯ ದಿನ ಮಧ್ಯಾಹ್ನ ಫೋನ್ ಮಾಡಿ "ಅಮ್ಮಾ, ಹುಷಾರಾಗಿದ್ದೀಯಾ? ಬೆಳಿಗ್ಗೆಯಿಂದ ಬರೀ 41 ಹೆಜ್ಜೆ ತೋರಿಸ್ತಿದೆ" ಅಂತ ಗಾಬರಿಯಲ್ಲಿ ಕೇಳಿದೆಯಲ್ಲ, ಆಗ ನನ್ನ ಎರಡೂ ಕೈ ಹೋಳಿಗೆಯ ಕಣಕದಲ್ಲಿದ್ದವು. "ಚೆನ್ನಾಗಿದ್ದೀನಿ, ಆಮೇಲೆ ಹೇಳ್ತೀನಿ" ಅಂತ ಇಟ್ಟುಬಿಟ್ಟೆ. ಆ ಆಮೇಲೆ ಬರಲು ಒಂದು ವಾರ ಹಿಡಿಯಿತು. ಫೋನಿನಲ್ಲಿ ನೀನು ಯಾವಾಗಲೂ ಮೀಟಿಂಗಿನಲ್ಲಿರುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದು.

ವಿಷಯ ಇಷ್ಟೇ. ನೀನು ಕಳಿಸಿದ, ನನ್ನ ಹೆಜ್ಜೆ ಎಣಿಸಿ ನಿನ್ನ ಫೋನಿಗೂ ತೋರಿಸುವ ವಾಚು ಆವತ್ತು ದೇವರ ಮನೆಯಲ್ಲಿತ್ತು. ಸ್ಕೂಟರ್ ಕೀ, ಹೊಲಿಗೆ ಮೆಷಿನ್ನಿನ ಕತ್ತರಿ, ಈಳಿಗೆ ಮಣೆ, ಮಿಕ್ಸಿ, ನಿಮ್ಮಪ್ಪನ ಸ್ಪ್ಯಾನರ್ ಸೆಟ್ಟು, ಇವುಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದೆವು. ಗಾಜಿನ ಮೇಲೆ ಒಂದು ಸೇವಂತಿಗೆ. ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲವಲ್ಲ. ಮಿಕ್ಸಿ ಸಿಗುವುದಿಲ್ಲ ಅಂತ ಹೂರಣವನ್ನು ಹಿಂದಿನ ರಾತ್ರಿಯೇ ರುಬ್ಬಿಟ್ಟಿದ್ದೆ. ವಾಚು ಬಿಚ್ಚಿಟ್ಟರೆ ಬೆಂಗಳೂರಿನಲ್ಲಿ ಒಬ್ಬಳು ಹೆದರುತ್ತಾಳೆ ಅನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ. ನಿಮ್ಮಪ್ಪ ಈಗ, "ವಾರಕ್ಕೊಂದು ಸಲ ಬಿಚ್ಚಿಡೋಣ ಕಣೇ, ಹಾಗಾದರೂ ಅವಳ ಫೋನ್ ಬರುತ್ತೆ" ಅನ್ನುತ್ತಿದ್ದಾರೆ.

ವಾಚು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ನಮ್ಮ ಮನೆ ಕೆಲಸ ಇನ್ನೂ ಅರ್ಥವಾಗಿಲ್ಲ. ಮಹಾಲಯ ಅಮಾವಾಸ್ಯೆಯ ಮಾರನೇ ದಿನ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದೆ. ಎರಡು ಕೈಯಲ್ಲೂ ಭರ್ತಿ ಚೀಲ ಹಿಡಿದು, ಚಿಕ್ಕ ಗಡಿಯಾರದ ಗೋಪುರ ದಾಟಿ ಸಿಟಿ ಬಸ್ ಸ್ಟ್ಯಾಂಡಿನವರೆಗೆ ಬೆವರು ಸುರಿಸಿಕೊಂಡು ನಡೆದೆ. ಬಸ್ಸಿನಲ್ಲಿ ಕೂತು ನೋಡಿದರೆ ಲೆಕ್ಕ ಅಲ್ಲಾಡಿರಲೇ ಇಲ್ಲ ಅನ್ನಬೇಕು. ಮನೆಗೆ ಬಂದು ತುರಿಯುವ ಮಣೆ ಮೇಲೆ ಕೂತು ಎರಡು ಕಾಯಿ ತುರಿದೆ, ನೋಡು, ಹೆಜ್ಜೆಗಳು ತಾವಾಗಿಯೇ ಏರಿದವು! ನಾನು ಕೂತಲ್ಲಿಂದ ಎದ್ದಿರಲಿಲ್ಲ. ಪಕ್ಕದ ಮನೆ ಹುಡುಗನನ್ನು ಕೇಳಿದೆ. "ಅದು ಕಾಲನ್ನು ನೋಡೋದಿಲ್ಲ ಆಂಟಿ, ಕೈ ಬೀಸೋದನ್ನ ನೋಡುತ್ತೆ" ಅಂದ. ಚೀಲ ಹಿಡಿದ ಕೈ ಅಲ್ಲಾಡುವುದಿಲ್ಲ, ಹಾಗಾಗಿ ನಾನು ನಡೆದೇ ಇಲ್ಲ. ಹೂ ಕಟ್ಟಲು ಕೂತಾಗ ಗಂಟೆಗೊಮ್ಮೆ ಕೈಯನ್ನು ಗುರ್ರೆನ್ನಿಸಿ "ಎದ್ದು ಓಡಾಡಿ" ಅಂತ ಬೇರೆ ಹೇಳುತ್ತದೆ. ಓಡಾಡಿ ಬಂದೇ ಕೂತಿದ್ದೇನಪ್ಪಾ ಅಂತ ಯಾರಿಗೆ ಹೇಳುವುದು?

ಆ ಹತ್ತು ಸಾವಿರ ಹೆಜ್ಜೆಯ ಹಟವನ್ನೂ ಸ್ವಲ್ಪ ಬಿಡು. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ ಮಾನ್ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಚೆನ್ನಾಗಿತ್ತು, ಅದೇ ಊರೆಲ್ಲ ಹಬ್ಬಿತು. ಡಾಕ್ಟರ್ ನನಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದು ಹೆಜ್ಜೆಯ ಲೆಕ್ಕವಲ್ಲ. ವಾರಕ್ಕೆ 150 ನಿಮಿಷ ಸ್ವಲ್ಪ ಬಿರುಸಾಗಿ ನಡೆಯಿರಿ, ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಿ ಅಂದರು. ನಡೆಯುವುದನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಗಿಸುತ್ತೇನೆ. ಮಾಂಸಖಂಡಕ್ಕೆ ಗೋಡೆಗೆ ಕೈ ಕೊಟ್ಟು ಹತ್ತು ದಂಡ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಮೊದಲ ವಾರ ನಾಲ್ಕಕ್ಕೇ ಮಂಡಿ ಕಟಕಟ ಅಂತಿತ್ತು. ಈಗ ಹತ್ತು ಆರಾಮ. ದುಡ್ಡು ಸೊನ್ನೆ. ನಿನ್ನ ಜಿಮ್ಮಿನ ವರ್ಷದ ಫೀಸನ್ನು ನೀನು ಹೋದ ದಿನಗಳಿಂದ ಭಾಗಿಸಿ ನೋಡಿದ್ದೆ. ಉತ್ತರ ಬರೆಯುವುದಿಲ್ಲ ಬಿಡು, ಊಟ ಮಾಡುತ್ತಿದ್ದೀಯಲ್ಲ.

ನಿಮ್ಮಪ್ಪನದು ಇನ್ನೊಂದು ಕಥೆ. ಜಂಬೂಸವಾರಿಯನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದರು. ಅಭಿಮನ್ಯು 750 ಕೆ.ಜಿ. ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆ ಹೊರಟಿದ್ದ. "ಸುಮಾರು 5 ಕಿಲೋಮೀಟರ್ ರೀ. ನೀವು ಹಾಲಿನ ಬೂತಿಗೂ ಸ್ಕೂಟರ್ ತೆಗೀತೀರಿ" ಅಂದೆ. "ಅವನಿಗೆ ಶುಗರ್ ಇಲ್ಲ" ಅಂದರು! ಆದರೂ ಆವತ್ತಿನಿಂದ ರಾತ್ರಿ ಊಟ ಆದಮೇಲೆ ಕಾಲು ಗಂಟೆ ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದಾರೆ. ಊಟದ ಮೇಲೆ ಹಾಗೆ ಸ್ವಲ್ಪ ನಡೆದರೆ ಶುಗರ್ ಒಂದೇ ಸಲ ಮೇಲೇರುವುದು ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಅವರಿಗೂ ಹೇಳಿದ್ದರು, ನಾನು ಹೇಳಿದ್ದಕ್ಕೆ ಮಾತ್ರ ಬೆಲೆ ಇರಲಿಲ್ಲ. ಆನೆ ಹೇಳಿದ್ದಕ್ಕೆ ಬಂತು.

ಈಗ ದುಡ್ಡಿನ ಮಾತು. ಬೇಜಾರು ಮಾಡಿಕೊಳ್ಳಬೇಡ.

ವಾಚಿಗೆ ದುಡ್ಡು ಹೇಗೆ ಕೊಟ್ಟೆ ಅಂತ ಕೇಳಿದ್ದಕ್ಕೆ "ನೋ ಕಾಸ್ಟ್ ಇಎಂಐ ಅಮ್ಮಾ, ಒಂದು ರೂಪಾಯಿ ಬಡ್ಡಿ ಇಲ್ಲ" ಅಂತ ಹೇಳಿ ಕಾರ್ಡಿನ ಸ್ಟೇಟ್‌ಮೆಂಟ್ ಫೋಟೋ ಕಳಿಸಿದೆ. ಇಪ್ಪತ್ತಾರು ವರ್ಷ ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳಿಗೆ ಅಂಥ ಫೋಟೋ ಕಳಿಸಬಾರದು ಪುಟ್ಟಿ. ವಾಚು 12,000. ತಿಂಗಳಿಗೆ 2,000, ಆರು ತಿಂಗಳು. ಸರಿ. ಆದರೆ ಅದರಲ್ಲಿ 541 ರೂಪಾಯಿಯನ್ನು ಮೊದಲು ರಿಯಾಯಿತಿ ಅಂತ ಕಳೆದು, ಆಮೇಲೆ ಅಷ್ಟನ್ನೇ ಬಡ್ಡಿ ಅಂತ ಸೇರಿಸಿದ್ದಾರೆ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ತಗೊಂಡ ಹಾಗೆ. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 97 ರೂಪಾಯಿ, ಅದು ನಿನ್ನ ತಲೆಗೆ. ಪ್ರೊಸೆಸಿಂಗ್ ಫೀ 199, ಅದರ ಜಿಎಸ್‌ಟಿ 36. ಒಟ್ಟು 332 ರೂಪಾಯಿ. ಅಂದರೆ ಆ 'ನೋ ಕಾಸ್ಟ್'ಗೆ 332 ರೂಪಾಯಿ ಕಾಸ್ಟು. ಸೊನ್ನೆ ಬಡ್ಡಿ ಅನ್ನುವುದು ಇರುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಆ ಸುತ್ತೋಲೆ ಬಂದಾಗ ನಮ್ಮ ಆಫೀಸಿನಲ್ಲಿ ನಗಾಡಿಕೊಂಡಿದ್ದೆವು, ಇದನ್ನು ಹೇಳಲು ರಿಸರ್ವ್ ಬ್ಯಾಂಕು ಬೇಕಾ ಅಂತ.

332 ದೊಡ್ಡ ಮೊತ್ತವಲ್ಲ, ನನಗೂ ಗೊತ್ತು. ಆದರೆ ಅದೇ ಸ್ಟೇಟ್‌ಮೆಂಟಿನಲ್ಲಿ ಇನ್ನೂ ಮೂರು ಇಎಂಐ ಕಂಡವು. ಒಂದು ಏರ್ ಫ್ರೈಯರ್. ಅದು ಯಾವಾಗ ಬಂತು? ನಾಲ್ಕರಲ್ಲಿ ಒಂದು ಕಂತು ತಪ್ಪಿದರೂ ಕಾರ್ಡಿನವರು ತಿಂಗಳಿಗೆ ಮೂರು ಪರ್ಸೆಂಟಿಗೂ ಮೇಲೆ ಬಡ್ಡಿ ಹಾಕುತ್ತಾರೆ. ನಮ್ಮ ಸಂಘದಲ್ಲಿ ಹಾಗೆ ಬಡ್ಡಿ ಹಾಕಿದ್ದರೆ ಜನ ಬಾಗಿಲು ಒಡೆಯುತ್ತಿದ್ದರು. ಮೊದಲು ಏರ್ ಫ್ರೈಯರಿಂದು ತೀರಿಸಿ ಮುಗಿಸು. ವಾಚಿನ ಉಳಿದ ಕಂತುಗಳನ್ನು ನಾನು ಕೊಡುತ್ತೇನೆ. ಬೇಡ ಅನ್ನಬೇಡ, ವಾಚು ನನ್ನ ಕೈಯಲ್ಲಿದೆ.

ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ, ಬೇಕಿದ್ದರೆ ತಗೋ. ಶ್ರಾವಣದಲ್ಲೇ ಹಬ್ಬದ ಪುಸ್ತಕ ತೆಗೆಯುತ್ತೇನೆ, ಆ ಕೆಂಪು ರಟ್ಟಿನ ಉದ್ದ ಪುಸ್ತಕ, ನೀನು ಚಿಕ್ಕವಳಿದ್ದಾಗ ಅದರ ಹಿಂದೆ ಆನೆ ಬರೆದಿದ್ದೀಯಲ್ಲ, ಅದೇ. ಕೊಳ್ಳಬೇಕು ಅನಿಸಿದ್ದರ ಆವತ್ತಿನ ರೇಟನ್ನು ಅದರಲ್ಲಿ ಬರೆದಿಡುತ್ತೇನೆ. ಸೇಲ್ ಬಂದಾಗ ತೆಗೆದು ನೋಡುತ್ತೇನೆ. ಈ ಸಲ ಒಂದು ಸ್ಟೀಲ್ ಕುಕ್ಕರ್ ಬೇಕಿತ್ತು. ಆನ್‌ಲೈನಿನಲ್ಲಿ 3,999ಕ್ಕೆ ಗೀಟು ಹೊಡೆದು 1,899 ಅಂತ ಕೆಂಪಕ್ಷರದಲ್ಲಿ ಹಾಕಿದ್ದರು. ಪುಸ್ತಕ ತೆರೆದರೆ ಆಗಸ್ಟಿನಲ್ಲಿ ನಮ್ಮ ಪಾತ್ರೆ ಅಂಗಡಿಯವನು ಅದನ್ನೇ 1,850 ಅಂದಿದ್ದ! ಅವನ ಹತ್ತಿರವೇ ಹೋದೆ. ಹಳೇ ಕುಕ್ಕರ್ ಹಾಕಿಕೊಂಡು 1,600ಕ್ಕೆ ಕೊಟ್ಟ, ಒಂದು ಗ್ಯಾಸ್ಕೆಟ್ ಜಾಸ್ತಿ ಕೊಟ್ಟ.

ಹೂವಿಗೆ ಬೇರೆ ಉಪಾಯ. ಆಯುಧಪೂಜೆಯ ಹಿಂದಿನ ದಿನ ಕಟ್ಟಿದ ಸೇವಂತಿಗೆ ಮಾರು 150. ಹದಿನೈದು ದಿನದ ಹಿಂದೆ 60 ಇತ್ತು. ನಾನು ಎರಡು ದಿನ ಮೊದಲೇ ಬಿಡಿ ಹೂ ತಂದು, ಬಾಳೆನಾರು ನೆನೆಸಿ ನಾನೇ ಕಟ್ಟಿದೆ. ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಟ್ಟರೆ ಸೇವಂತಿಗೆ ಏನೂ ಆಗುವುದಿಲ್ಲ. ಮಲ್ಲಿಗೆ ಮಾತ್ರ ಆವತ್ತಿನದೇ ಆಗಬೇಕು, ಅದಕ್ಕೆ ಅವರು ಹೇಳಿದ ರೇಟು ಕೊಟ್ಟೆ. ಮೈಸೂರಿನಲ್ಲಿದ್ದುಕೊಂಡು ಮಲ್ಲಿಗೆಗೆ ಚೌಕಾಸಿ ಮಾಡಲು ನನ್ನ ಕೈಲಾಗುವುದಿಲ್ಲ. ಬೂದುಗುಂಬಳ ದೊಡ್ಡದು ತರಲಿಲ್ಲ. ಸ್ಕೂಟರಿನ ಮುಂದೆ ಒಡೆಯಲು ನಿಂಬೆಹಣ್ಣು ಸಾಕು ಅಂದೆ. ಮಾರನೇ ದಿನ ರಸ್ತೆಯ ಮೇಲೆ ಕುಂಬಳಕಾಯಿ ಚೂರಿಗೆ ಜಾರಿ ಬೀಳುವವರನ್ನು ಪ್ರತಿ ವರ್ಷ ನೋಡುತ್ತೇವೆ.

ಮಾರ್ಕೆಟ್ಟಿಗೆ ಮೂರು ಸಲ ಹೋಗಿ ಬಂದೆ. ಬಸ್ಸಿನ ಖರ್ಚು ಸೊನ್ನೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಕೊಳ್ಳುವ ರೀತಿಯೇ ಬದಲಾಗಿದೆ. ಮೊದಲೆಲ್ಲ ಬಸ್ ಚಾರ್ಜ್ ವಸೂಲಾಗಲಿ ಅಂತ ಒಂದೇ ಸಲ ಹದಿನೈದು ಕೆ.ಜಿ. ಹೊತ್ತು ತರುತ್ತಿದ್ದೆ, ಅರ್ಧ ತರಕಾರಿ ಕೊಳೆಯುತ್ತಿತ್ತು, ಭುಜ ಎರಡು ದಿನ ನೋಯುತ್ತಿತ್ತು. ಈಗ ಬೇಕಾದಷ್ಟನ್ನೇ ತರುತ್ತೇನೆ. ರೇಟು ಹೆಚ್ಚಿದ್ದರೆ ಸುಮ್ನೆ ವಾಪಸ್ ಬರುತ್ತೇನೆ. ಹಾಗೆ ಬರಿಗೈಯಲ್ಲಿ ವಾಪಸ್ ಬರುವ ಸುಖ ನಿನಗೆ ಗೊತ್ತಿಲ್ಲ. ಅಂಗಡಿಯವನೇ ಕೂಗಿ ಕರೆಯುತ್ತಾನೆ.

ತುಪ್ಪ ನವರಾತ್ರಿ ಶುರುವಾದ ದಿನವೇ ಇಳಿಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಬಂತಲ್ಲ, ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ದೀಪಾವಳಿಗೂ ಸೇರಿಸಿ ಎರಡು ಲೀಟರ್ ತಂದಿಟ್ಟೆ. ತೆಂಗಿನಕಾಯಿ ಮಾತ್ರ ಈ ವರ್ಷ ಕೈಗೆ ಸಿಗುತ್ತಿಲ್ಲ. ಅದಕ್ಕೇ ಕಾಯಿ ಹೋಳಿಗೆ ಬಿಟ್ಟು ಬೇಳೆಯದು ಮಾಡಿದ್ದು. ಟಿವಿಗೂ ಟ್ಯಾಕ್ಸ್ 28ರಿಂದ 18ಕ್ಕೆ ಇಳಿದಿದೆ ಅಂತ ನಿಮ್ಮಪ್ಪ ಪೇಪರ್ ತಂದು ತೋರಿಸಿದರು, 43 ಇಂಚಿನದರ ಮೇಲೆ ಪೆನ್ನಿನಲ್ಲಿ ಸುತ್ತು ಹಾಕಿ. "ನಮ್ಮ ಟಿವಿ ಕೆಟ್ಟಿಲ್ಲ" ಅಂದೆ. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಗಾಂಧಿ ಜಯಂತಿಯ ಖಾದಿ ರಿಯಾಯಿತಿಯಲ್ಲಿ ಎರಡು ಪಂಚೆ ತಂದುಕೊಟ್ಟ ಮೇಲೆ ಸರಿಹೋದರು.

ಗೊಂಬೆಗಳನ್ನು ಮೊನ್ನೆ ಎತ್ತಿಟ್ಟೆವು. ಅವರ ಹಳೇ ಪಂಚೆ ಹರಿದು, ಬೇವಿನೆಲೆ ಹಾಕಿ ಒಂದೊಂದನ್ನೇ ಸುತ್ತಿದೆ. ಈ ಸಲ ಹೊಸ ಗೊಂಬೆ ಒಂದನ್ನೂ ಕೊಳ್ಳಲಿಲ್ಲ. ನಿನ್ನ ಚನ್ನಪಟ್ಟಣದ ಕುದುರೆಗೆ ಒಂದು ಚಕ್ರ ಕಳೆದಿತ್ತಲ್ಲ, ಅದಕ್ಕೆ ಶರಟಿನ ಗುಂಡಿ ಹಾಕಿ ನಿಲ್ಲಿಸಿದೆ. ನೋಡಲು ಬಂದ ಮಕ್ಕಳೆಲ್ಲ ಪಟ್ಟದ ಗೊಂಬೆ ಬಿಟ್ಟು ಅದರ ಮುಂದೆಯೇ ಕೂತಿದ್ದರು. ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಲು ಸ್ಟೂಲ್ ಹತ್ತಿ ಇಳಿದಿದ್ದು ಹದಿನಾಲ್ಕು ಸಲ. ಹೋದ ವರ್ಷ ಅದಕ್ಕೆ ನೀನಿದ್ದೆ. ಈ ವರ್ಷ ಆ ಹತ್ತು ಏಳುವುದು ಕೂರುವುದು ಕೈಹಿಡಿಯಿತು ಅಂದುಕೊಳ್ಳುತ್ತೇನೆ.

ಈ ತಿಂಗಳು 19, ಭಾನುವಾರ ಸಂಜೆ ನೀರು ತುಂಬುವ ಹಬ್ಬ. ಗೀಸರ್ ಇದ್ದರೂ ಆವತ್ತು ತಾಮ್ರದ ಹಂಡೆಯೇ. ಹುಣಸೆಹಣ್ಣು ಹಚ್ಚಿ ಉಜ್ಜುವುದು ನಿಮ್ಮಪ್ಪನ ಪಾಲು, ನೀರು ಹೊರುವುದು ನನ್ನ ನಿನ್ನ ಪಾಲು. 20ರ ಬೆಳಗಿನ ಜಾವ ಎಣ್ಣೆ ನೀರು. ನೀನು ಶನಿವಾರ ಸಂಜೆಯೇ ಹೊರಟುಬಿಡು. ಹಬ್ಬದ ಹೊತ್ತಿಗೆ ಖಾಸಗಿ ಬಸ್ಸಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ ಜನರಲ್ ಟಿಕೆಟ್ ತಗೊಂಡರೆ ಅದರ ಕಾಲು ಭಾಗವೂ ಆಗುವುದಿಲ್ಲ. ನಿಂತುಕೊಂಡು ಬರಬೇಕಾದೀತು. ಬಾ, ನಿನ್ನ ಜಿಮ್ಮಿನ ಲೆಕ್ಕಕ್ಕೆ ಸೇರಿಸೋಣ.

ಬಟ್ಟೆ ತರಬೇಡ ನನಗೆ. ನಿನ್ನ ಹಸಿರು ಸೀರೆಯ ಅಂಚು ಬಿಟ್ಟಿತ್ತು, ಹೊಲಿದಿಟ್ಟಿದ್ದೇನೆ, ಅದನ್ನೇ ಉಡು. ಬಲಿಪಾಡ್ಯಮಿ ಮುಗಿದ ಮಾರನೇ ದಿನ ರಜೆ ಹಾಕಿದ್ದರೆ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತೋಣ. ನಂದಿಯವರೆಗೆ ನಿಲ್ಲದೆ ಹೋಗಿಬಿಡುತ್ತೇನೆ ಅನ್ನುವ ಧೈರ್ಯ ನನಗಿದೆ. ನಿಮ್ಮಪ್ಪ ಸ್ಕೂಟರಿನಲ್ಲಿ ಮೇಲೆ ಬಂದು ಕಾಯುತ್ತಾರಂತೆ. ವಾಚು ನೀನು ಕಟ್ಟಿಕೋ, ಆವತ್ತು ನನ್ನ ಎರಡು ಕೈಯೂ ಖಾಲಿ ಇರಲಿ.

ಮತ್ತೆ ಇನ್ನೊಂದು. ಗೌರಿ ಹಬ್ಬಕ್ಕೆ ಬಂದಾಗ ಚಕ್ಕುಲಿ, ಕೋಡುಬಳೆ ತುಂಬಿ ಕಳಿಸಿದ ಎರಡು ಸ್ಟೀಲ್ ಡಬ್ಬಿ ನಿನ್ನ ಹತ್ತಿರ ಇವೆ. ಮುಚ್ಚಳದ ಮೇಲೆ ನಿನ್ನ ಅಜ್ಜಿಯ ಹೆಸರು ಕೆತ್ತಿರುವುದು. ಅವಿಲ್ಲದೆ ದೀಪಾವಳಿ ತಿಂಡಿ ಪ್ಲಾಸ್ಟಿಕ್ಕಿಗೆ ಹಾಕಬೇಕಾಗುತ್ತದೆ. ಮರೆಯದೆ ತಾ.

ಇಂತಿ,
ನಿನ್ನ ಅಮ್ಮ