ಹಂಡೆ ಒಲೆ ಮೇಲೆ ಒಣಗಿದ ಶೂ ಮತ್ತು 42 ಕಿಲೋಮೀಟರ್

ಮುಗಿಸಿದೆ. ಬೆಂಗಳೂರು, ಅಕ್ಟೋಬರ್, ಪೂರ್ತಿ ಮ್ಯಾರಥಾನ್, 5 ಗಂಟೆ 41 ನಿಮಿಷ. ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ ಇದೇ ದೂರವನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದ್ದರು. ಅಷ್ಟು ಹೊತ್ತಿಗೆ ನಾನು 15ನೇ ಕಿಲೋಮೀಟರ್ ಹತ್ತಿರ ಬಾಳೆಹಣ್ಣು ಸುಲಿಯುತ್ತಿದ್ದೆ. ಇರಲಿ. ಹೋದ ವರ್ಷ 32ನೇ ಕಿಲೋಮೀಟರಿನಲ್ಲಿ ವ್ಯಾನ್ ಹತ್ತಿ ವಾಪಸ್ ಬಂದವನು ನಾನು. ಈ ಸಲ ನನ್ನ ಕಾಲ ಮೇಲೇ ಬಂದೆ. ಅದಕ್ಕೆ ಕಾರಣರಾದವರಿಗೆ ನಾಲ್ಕು ಮಾತು ಹೇಳಬೇಕು.

ಮೂರು ವರ್ಷದ ಹಿಂದೆ ದಾವಣಗೆರೆಯಿಂದ ಮಡಿಕೇರಿಗೆ ವರ್ಗವಾದಾಗ ನನಗೆ ಇದ್ದ ಚಿಂತೆ ಒಂದೇ. ಈ ಊರಲ್ಲಿ ಓಡೋದು ಎಲ್ಲಿ? ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಏರು, ಇಲ್ಲಾ ಇಳಿಜಾರು. ಜೂನ್ ಬಂತು ಅಂದರೆ ಮಳೆ, ಮಂಜು. ಜನರಲ್ ತಿಮ್ಮಯ್ಯ ವೃತ್ತದಲ್ಲಿ ನಿಂತರೆ ಎದುರಿಗೆ ಬರುವವರ ಕೊಡೆ ಮಾತ್ರ ಕಾಣುತ್ತೆ, ಮುಖ ಕಾಣಲ್ಲ.

ಅಂಥ ಒಂದು ಕೊಡೆ ಕೆಳಗೆ ಸಿಕ್ಕವರು ಸುಬೇದಾರ್ ಅಂಕಲ್. ಸೇನೆಯಿಂದ ನಿವೃತ್ತರಾಗಿ ವರ್ಷಗಳಾದರೂ ಐದೂವರೆಗೆ ರಸ್ತೆಯಲ್ಲಿರುತ್ತಾರೆ. ರಾಜಾಸೀಟ್ ಕಡೆಯ ಏರಿನಲ್ಲಿ ನಾನು ಏದುಸಿರು ಬಿಡೋದನ್ನು ನಾಲ್ಕು ದಿನ ನೋಡಿ, ಐದನೇ ದಿನ ಕರೆದು ನಿಲ್ಲಿಸಿದರು. "ತುದಿ ಯಾಕಪ್ಪ ನೋಡ್ತೀಯ? ಹೆಜ್ಜೆ ಚಿಕ್ಕದು ಮಾಡು. ಆಗದಿದ್ರೆ ನಡಿ. ಕೂರ್ಬೇಡ ಅಷ್ಟೇ." ನಡೆದರೆ ಅವಮಾನ ಅಂದುಕೊಂಡಿದ್ದವನು ನಾನು. ಹೋದ ವರ್ಷ ಮೊದಲ 10 ಕಿಲೋಮೀಟರ್ ಹುಚ್ಚನ ಹಾಗೆ ಓಡಿ, ನೀರಿನ ಟೇಬಲ್ ಹತ್ತಿರ ಕೂಡ ನಿಲ್ಲದೆ ಹೋಗಿದ್ದೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಡೋಕೆ ಬೇಕಾದ ಸಕ್ಕರೆಯ ದಾಸ್ತಾನು, 30 ಕಿಲೋಮೀಟರ್ ಆಸುಪಾಸಿನಲ್ಲಿ ಖಾಲಿಯಾಗುತ್ತೆ ಅಂತ ಓದಿ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಭಾನುವಾರದ ಉದ್ದ ಓಟಕ್ಕೆ ಬೆಳಗಿನ ಬಸ್ಸಿನಲ್ಲಿ ಕುಶಾಲನಗರಕ್ಕೆ ಇಳಿಯುತ್ತಿದ್ದೆ. ಸುಮಾರು 30 ಕಿಲೋಮೀಟರ್ ದೂರ ಅಷ್ಟೇ, ಆದರೆ ಇಲ್ಲಿ ಧೋ ಅಂತ ಸುರಿಯುವ ಮಳೆ ಅಲ್ಲಿ ಎಷ್ಟೋ ಸಲ ಬರೀ ಮೋಡ. ಹೆಬ್ಬಾಲೆ ರಸ್ತೆ ನನಗೆ ದಾವಣಗೆರೆ ನೆನಪು ಮಾಡುವಷ್ಟು ಸಮ. ವಾಪಸ್ ಬರುವಾಗ ಬೆವರಿನಲ್ಲಿ ತೊಯ್ದ ನನ್ನನ್ನು ನೋಡಿ ಒಬ್ಬ ಕಂಡಕ್ಟರ್ ಏನೂ ಹೇಳದೆ ಸೀಟಿನ ಮೇಲೆ ಹಳೇ ಪೇಪರ್ ಹಾಸಿದರು. ಮುಂದಿನ ವಾರ ಪೇಪರ್ ಮೊದಲೇ ರೆಡಿ ಇತ್ತು! ಅವರಿಗೆ ದೊಡ್ಡ ಥ್ಯಾಂಕ್ಸ್.

ಇನ್ನು ನಮ್ಮ ಮನೆ ಓನರ್ ಆಂಟಿ. ಜುಲೈನಲ್ಲಿ ಮಡಿಕೇರಿಯಲ್ಲಿ ಶೂ ಒಣಗಲ್ಲ. ಪೇಪರ್ ತುರುಕಿ, ಫ್ಯಾನ್ ಕೆಳಗಿಟ್ಟು, ಮೂರು ದಿನವಾದರೂ ಒದ್ದೆ. ಆಂಟಿ ಅದನ್ನು ತಮ್ಮ ಬಚ್ಚಲಿನ ಹಂಡೆ ಒಲೆ ಮೇಲಿನ ಮೊಳೆಗೆ ನೇತುಹಾಕಿದರು. ಚೆನ್ನಾಗಿ ಒಣಗಿತು. ಎಡಗಾಲಿನದರ ಹಿಮ್ಮಡಿ ಸ್ವಲ್ಪ ಕರಗಿತು ಕೂಡ. ಬೆಂಗಳೂರಲ್ಲಿ ಓಟ ಶುರುವಾಗೋ ಮುಂಚೆ ಪಕ್ಕದವರೊಬ್ಬರು, "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಅಂದರು. ನಾನು ಸುಮ್ನೆ ಬೇರೆ ಕಡೆ ನೋಡಿದೆ.

ಆಗಸ್ಟ್ 3, ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಆಂಟಿ ಮದ್ದು ಸೊಪ್ಪಿನ ಪಾಯಸ ಕೊಟ್ಟರು. ಅವತ್ತು ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತೆ ಅಂತ ಇಲ್ಲಿನ ನಂಬಿಕೆ. ಕಡು ನೇರಳೆ ಬಣ್ಣ, ಒಳ್ಳೇ ಘಮ. ಎರಡು ಬಟ್ಟಲು ತಿಂದೆ. ಮಾರನೇ ದಿನ ಓಡಿ ಬಂದು ಬಚ್ಚಲಿಗೆ ಹೋದರೆ ಮೂತ್ರ ಕೆಂಪು! ಜಾಸ್ತಿ ಓಡಿದರೆ ಮೂತ್ರದಲ್ಲಿ ರಕ್ತ ಬರಬಹುದು ಅಂತ ಎಲ್ಲೋ ಓದಿದ್ದೆ. ಕಿಡ್ನಿ ಹೋಯಿತು ಅಂದುಕೊಂಡು ಬೆವರುತ್ತಾ ಸುಬೇದಾರ್ ಅಂಕಲ್‌ಗೆ ಫೋನ್ ಮಾಡಿದೆ. ಅವರು ಒಂದು ನಿಮಿಷ ನಕ್ಕರು, ಆಮೇಲೆ ಫೋನನ್ನು ಹೆಂಡತಿಗೆ ಕೊಟ್ಟರು. ಅವರೂ ನಕ್ಕರು. ಸೊಪ್ಪಿನ ಬಣ್ಣ ಅಂತೆ, ಎಲ್ಲರಿಗೂ ಹಾಗೇ ಆಗುತ್ತಂತೆ. ಈ ಕಥೆಯನ್ನು ಇಡೀ ಬೀದಿಗೆ ಹೇಳಿದ್ದಕ್ಕೂ ಥ್ಯಾಂಕ್ಸ್ ಅಂಕಲ್.

ಓಟದ ದಿನ 34ನೇ ಕಿಲೋಮೀಟರಿನಲ್ಲಿ ಕಾಲು ಹಿಡಿದುಕೊಂಡಿತು. ಫುಟ್‌ಪಾತ್ ಕಂಡಿತು, ಕೂರೋಣ ಅನ್ನಿಸಿತು. ಉಪ್ಪು, ಕಿತ್ತಳೆ ತೊಳೆ ಹಿಡಿದು ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು, "ಅಣ್ಣಾ, ಓಡ್ಬೇಡಿ, ನಡೀರಿ ಸಾಕು" ಅಂದಳು. ಥೇಟ್ ಅಂಕಲ್ ಮಾತು! ನಡೆದೆ. ಹೆಸರು ಕೇಳೋಕೆ ಉಸಿರಿರಲಿಲ್ಲ ತಂಗಿ, ಕ್ಷಮಿಸು.

ಕೊನೆಯ 195 ಮೀಟರ್ ಬಗ್ಗೆ ಮಾತ್ರ ಯಾರಿಗೂ ಥ್ಯಾಂಕ್ಸ್ ಹೇಳಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು, ಸ್ಟೇಡಿಯಮ್ಮಿನಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಸಿದರು. ಆ ಲೆಕ್ಕ 42.195 ಕಿಲೋಮೀಟರ್. 1921ರಲ್ಲಿ ಅದೇ ಕಾಯಂ ಆಯಿತು. ಅವರು ಎಲ್ಲಿ ಕೂತರೆ ನನಗೇನು?

ನಮ್ಮ ಬ್ರಾಂಚಿನವರಿಗೂ ಋಣಿ. ಸೋಮವಾರ ರಜೆ ಕೊಟ್ಟರು, ಮಂಗಳವಾರ ನಾನು ಮೆಟ್ಟಿಲು ಹಿಂದುಮುಂದಾಗಿ ಇಳಿಯೋದನ್ನು ನೋಡಿ ಹೆಚ್ಚು ನಗಲಿಲ್ಲ.

ಮೆಡಲ್ ಈಗ ಆಂಟಿ ಹತ್ತಿರ ಇದೆ. ರಿಬ್ಬನ್ ಬೆವರು ನಾರುತ್ತೆ ಅಂತ ತೊಳೆದು, ಶೂ ನೇತುಹಾಕಿದ್ದ ಅದೇ ಮೊಳೆಗೆ ಹಾಕಿದ್ದಾರೆ. ಇನ್ನೂ ಒಣಗಿಲ್ಲವಂತೆ.