ಡಯಾಲಿಸಿಸ್ ಹಾಸಿಗೆಗೊಂದು ಪ್ಯಾಡ್, ಒಂದು ಪೆನ್ಸಿಲ್: ಶಾಸಕರಿಗೆ ಬಹಿರಂಗ ಪತ್ರ

ತೀರ್ಥಹಳ್ಳಿ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಆಗುಂಬೆ ಹೋಬಳಿಯ ಒಬ್ಬ ಅಡಿಕೆ ಬೆಳೆಗಾರ. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದರಿಂದ ಹದಿನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುತ್ತಿದ್ದೇನೆ. ಮೊದಲ ಎರಡು ವಾರಗಳನ್ನು ಬಿಟ್ಟರೆ, ಅಂದಿನಿಂದ ಇಂದಿನವರೆಗೆ ದಿನಕ್ಕೊಂದರಂತೆ ಪ್ರಾಣಿಗಳ ಕಾರ್ಟೂನ್ ಬರೆಯುತ್ತ ಬಂದಿದ್ದೇನೆ. ಆ ಚಿತ್ರಗಳಿಗೂ ನಮ್ಮ ಸರ್ಕಾರಿ ಡಯಾಲಿಸಿಸ್ ಘಟಕಗಳಿಗೂ ಇರುವ ಸಂಬಂಧವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಎಡಗೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡಿದ ಫಿಸ್ಟುಲಾ ಇದೆ. ಅದಕ್ಕೆ ಎರಡು ಸೂಜಿಗಳನ್ನು ಚುಚ್ಚುತ್ತಾರೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ಮರಳುತ್ತದೆ. ಅಷ್ಟು ಹೊತ್ತೂ ಆ ಕೈ ಅಲುಗಾಡುವಂತಿಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿದು ರೂಢಿಯಿದ್ದ ನನಗೆ, ಏನೂ ಆಗದ ಬಲಗೈಯೂ ಸುಮ್ಮನೆ ಬಿದ್ದಿರುವುದನ್ನು ನೋಡುವುದು ಸೂಜಿಗಿಂತ ಹೆಚ್ಚಿನ ಸಂಕಟವಾಗಿತ್ತು.

ಮೊದಲು ಬರೆದದ್ದು ಮುಳ್ಳುಹಂದಿಯನ್ನು. ಮೈತುಂಬ ಸೂಜಿ ಹೊತ್ತು, ತಲೆಗೆ ಅಡಿಕೆ ಹಾಳೆಯ ಟೋಪಿ ಇಟ್ಟುಕೊಂಡು ಅದು ತೋಟಕ್ಕೆ ಹೊರಟಿತ್ತು. ಆಮೇಲೆ ಕಂಬಳಿಕೊಪ್ಪೆ ಹಾಕಿದ ಕಾಡುಕೋಣ ಬಂತು, ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಕಬ್ಬೆಕ್ಕು ಬಂತು, ಕೊಕ್ಕಿನ ಭಾರಕ್ಕೆ ಇನ್ನೊಂದು ದಿಂಬು ಕೇಳುವ ಮಂಗಟ್ಟೆ ಹಕ್ಕಿ ಬಂತು. ಮಂಗವನ್ನು ಬರೆಯಲು ಮಾತ್ರ ಬಹಳ ದಿನ ಕೈ ಬರಲಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ, ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಮಂಗನ ಕಾಯಿಲೆಯನ್ನು ಬಲ್ಲ ನಮ್ಮ ಕಡೆಯವರಿಗೆ ಸತ್ತ ಮಂಗ ಎಂದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕೊನೆಗೊಂದು ದಿನ ಬರೆದಾಗ ಅದಕ್ಕೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಗಂಜಿಯ ಬಟ್ಟಲು ಇಟ್ಟೆ.

ಪ್ರಾಣಿಗಳನ್ನೇ ಏಕೆ ಎಂದು ಕೇಳುವವರಿದ್ದಾರೆ. ಮನುಷ್ಯರನ್ನು ಬರೆಯಲು ಹೋದರೆ ನನ್ನ ಕೈಯಿಂದ ಊದಿದ ಮುಖ, ಬತ್ತಿದ ಕಾಲುಗಳೇ ಬರುತ್ತಿದ್ದವು. ನೋಡಿದವರು ಮರುಕಪಟ್ಟು ಸುಮ್ಮನಾಗುತ್ತಿದ್ದರು. ಅದೇ ಸಂಕಟವನ್ನು ಕಾಡುಕೋಣದ ಮುಖಕ್ಕೆ ಕೊಟ್ಟರೆ ಮೊದಲು ನಗುತ್ತಾರೆ, ನಂತರ ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುತ್ತಾರೆ. ಪಕ್ಕದ ಹಾಸಿಗೆಯ ಅಜ್ಜಿಯೊಬ್ಬರು ಮೂರು ತಿಂಗಳು ಯಾರೊಡನೆಯೂ ಮಾತನಾಡಿರಲಿಲ್ಲ. ಒಂದು ದಿನ ಅವರು, “ತಮ್ಮಾ, ನಂಗೂ ಒಂದು ಹಾಳೆ ಕೊಡು” ಎಂದರು. ನನ್ನ ಪೆನ್ಸಿಲನ್ನೇ ಕೊಡಹೊರಟಾಗ, ರಕ್ತದಿಂದ ಹರಡುವ ಹೆಪಟೈಟಿಸ್‌ನ ಭಯವಿರುವ ಈ ಜಾಗದಲ್ಲಿ ಒಬ್ಬರ ವಸ್ತುವನ್ನು ಇನ್ನೊಬ್ಬರು ಮುಟ್ಟಬಾರದೆಂದು ಸಿಸ್ಟರ್ ತಡೆದು, ಹೊಸದೊಂದನ್ನು ತಂದುಕೊಟ್ಟರು. ಅಜ್ಜಿ ತಮ್ಮ ಮನೆಯ ಮಲೆನಾಡು ಗಿಡ್ಡ ಹಸುವನ್ನು ಬರೆದರು. ಅದರ ಎಡಕಿವಿಯ ಸೀಳನ್ನೂ ಮರೆಯದೆ ಬರೆದರು.

ಚಿತ್ರ ಬರೆದುದರಿಂದ, ಮೂತ್ರಪಿಂಡಗಳು ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ನನ್ನ ರಕ್ತದಲ್ಲಿ ಇಳಿದಿಲ್ಲ. ಇಳಿಯುತ್ತದೆಂದು ಯಾರಿಗೂ ಹೇಳಲಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಹೊರತಂದ ವರದಿಯು, ಕಾಯಿಲೆಯನ್ನು ತಡೆಯುವುದರಲ್ಲಿಯೂ ಕಾಯಿಲೆಯವರ ಆರೈಕೆಯಲ್ಲಿಯೂ ಕಲೆಗೆ ಪಾತ್ರವಿದೆ ಎಂದು ಹೇಳಿದೆ. ನಮ್ಮ ನಾಡಿಗೂ ಇದು ಪರಕೀಯವಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು ಆರಂಭಿಸಿ, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ದಿನಗಳ ವ್ಯಂಗ್ಯಚಿತ್ರಗಳಿಗೆ ಜಾಗ ಕೊಟ್ಟ ರಾ.ಶಿ. ಅವರು ವೃತ್ತಿಯಿಂದ ವೈದ್ಯರೇ ಆಗಿದ್ದರು.

ನನ್ನ ಕೋರಿಕೆ ಸಣ್ಣದು. ಒಂದು ಕೈ ಯಂತ್ರಕ್ಕೆ ಸೇರಿರುವಾಗ ಕಾಗದವನ್ನು ಒತ್ತಿ ಹಿಡಿಯಲು ಇನ್ನೊಂದು ಕೈ ಇರುವುದಿಲ್ಲ. ಗೆರೆ ಎಳೆದಂತೆ ಹಾಳೆಯೇ ಜಾರುತ್ತದೆ. ಮಕ್ಕಳು ಪರೀಕ್ಷೆಗೆ ಒಯ್ಯುವ, ಕ್ಲಿಪ್ ಇರುವ ಪ್ಲಾಸ್ಟಿಕ್ ಪ್ಯಾಡ್ ಇದ್ದರೆ ಆ ತೊಂದರೆ ತೀರುತ್ತದೆ, ಅದನ್ನು ಪ್ರತಿ ಪಾಳಿಯ ನಂತರ ಒರೆಸಿ ಶುಚಿಮಾಡಲೂಬಹುದು. ಪ್ರತಿಯೊಬ್ಬ ರೋಗಿಗೂ ಅವರ ಹೆಸರು ಬರೆದ ಪ್ಯಾಡ್, ಪೆನ್ಸಿಲ್, ಹಾಳೆಗಳನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮೂಲಕ ಒದಗಿಸುವಂತೆ ತಾವು ಸೂಚಿಸಬೇಕು. ಇಂಥ ಸಾಮಗ್ರಿಗೆ ಅನುಮತಿ ಇದೆ ಎಂಬ ಲಿಖಿತ ಆದೇಶವೂ ಬೇಕು. ಹಿಂದೆ ನಾನು ಹೋಗುತ್ತಿದ್ದ ದೂರದ ಕೇಂದ್ರವೊಂದರಲ್ಲಿ, ಕಾರಣ ಹೇಳದೆ ನನ್ನ ಪುಸ್ತಕವನ್ನು ಬಾಗಿಲಲ್ಲೇ ಇಡಿಸಿಕೊಂಡಿದ್ದರು. ತಾಲೂಕಿನ ಪ್ರೌಢಶಾಲೆಗಳ ಚಿತ್ರಕಲಾ ಶಿಕ್ಷಕರು ತಿಂಗಳಿಗೊಮ್ಮೆ ಬಂದುಹೋಗುವಂತಾದರೆ, ಪೆನ್ಸಿಲ್ ಹಿಡಿಯಲು ಅಂಜುವ ಹಿರಿಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇಂದಿಗೆ ನನ್ನ ಬಳಿ 411 ಚಿತ್ರಗಳಿವೆ. ಘಟಕದ ಗೋಡೆಗೆ ಬೇಕಾದವನ್ನು ತಾವೇ ಆರಿಸಿಕೊಳ್ಳಬಹುದು. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪಾಳಿಯಲ್ಲಿ ನಾನು ಅಲ್ಲಿಯೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಗುಂಬೆ ಹೋಬಳಿಯ ಒಬ್ಬ ಮತದಾರ